ಹೊಸ ಕಾರು, ಹಳೆ ರೋಗ: ವಾರಂಟಿ ರಿಪೇರಿಗೆ ಮತ್ತೆ ಮತ್ತೆ ಅಲೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಗೆ ಹೊಸ ಕಾರು ಬಂದದ್ದು 2024ರ ಫೆಬ್ರವರಿಯಲ್ಲಿ. ಮಂಗಳೂರಿನ ಒಂದು ಶೋರೂಮ್‌ನಿಂದ ತಂದು, ಕಾಸರಗೋಡು ಆರ್‌ಟಿಒದಲ್ಲಿ ಕೆಎಲ್ 14 ನಂಬರ್ ಮಾಡಿಸಿ, ಮಧೂರಿನಲ್ಲಿ ಪೂಜೆ ಮಾಡಿಸಿದ್ದಾಯಿತು. ನಾಲ್ಕು ತಿಂಗಳು ಹೂವಿನ ಹಾಗೆ ಓಡಿತು. ಜೂನ್‌ನಲ್ಲಿ ಮಳೆ ಹಿಡಿದ ಮೊದಲ ವಾರವೇ ಶುರುವಾಯಿತು ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಗಡಗಡ ನಡುಗುವುದು, ಎಂಜಿನ್‌ನಲ್ಲಿ ದೋಷ ಎಂದು ತೋರಿಸುವ ಹಳದಿ ದೀಪ ಹತ್ತುವುದು. ಬದಿಯಡ್ಕ ಪೇಟೆ ದಾಟುವಷ್ಟರಲ್ಲಿ ಎಲ್ಲ ಸರಿ. ಸರ್ವಿಸ್ ಸೆಂಟರ್ ಮುಟ್ಟುವಾಗ ಕಾರು ಮದುಮಗಳ ಹಾಗೆ ಗಂಭೀರ!

ಸೆಪ್ಟೆಂಬರ್ ಒಳಗೆ ಐದು ಸಲ ಹೋಗಿ ಬಂದೆ. ಮೊದಲ ಸಲ ಸಾಫ್ಟ್‌ವೇರ್ ಅಪ್‌ಡೇಟ್. ಎರಡನೇ ಸಲ, ಪೆಟ್ರೋಲ್‌ನಲ್ಲಿ ನೀರು ಇರಬೇಕು ಎಂದರು. ಮೂರನೇ ಸಲ ಇಗ್ನಿಷನ್ ಕಾಯಿಲ್ ಬದಲಾಯಿತು. ನಾಲ್ಕನೇ ಸಲ ಸ್ಪಾರ್ಕ್ ಪ್ಲಗ್. ಐದನೇ ಸಲ ನಿಜವಾದ ಕಳ್ಳ ಸಿಕ್ಕಿತು: ವಯರಿಂಗ್‌ನ ಒಂದು ಕನೆಕ್ಟರ್‌ನ ರಬ್ಬರ್ ಸೀಲ್ ಸರಿಯಾಗಿ ಕೂತಿರಲಿಲ್ಲ, ತೇವ ಒಳಗೆ ಹೋಗಿ ಪಿನ್‌ಗೆ ಹಸಿರು ಕಿಲುಬು ಹಿಡಿದಿತ್ತು. ನೂರು ರೂಪಾಯಿಯೂ ಬಾಳದ ಸೀಲ್.

ಮೊದಲ ಮೂರು ಭೇಟಿಯಲ್ಲಿ ನಾನು ಮಾಡಿದ ತಪ್ಪು ಒಂದೇ. ಪ್ರತಿ ಸಲವೂ ಹೊಸ ರಿಪೇರಿ ಎಂಬಂತೆ ಕೀಲಿ ಕೊಟ್ಟು ಬಂದೆ. ಅವರ ದಾಖಲೆಯಲ್ಲಿ ಅದು ಮೂರು ಬೇರೆ ಬೇರೆ ಸಣ್ಣ ಕೆಲಸ. ನನಗೆ ಮಾತ್ರ ಒಂದೇ ರೋಗ. ನಾಲ್ಕನೇ ಸಲದಿಂದ ದಾರಿ ಬದಲಿಸಿದೆ. ಹಾಗೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ವಾರಂಟಿ ಪುಸ್ತಕವನ್ನು ಒಮ್ಮೆ ಪೂರ್ತಿ ಓದಿ

ಗ್ಲವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುತ್ತದೆ, ಅಲ್ವಾ? ಅರ್ಧ ಗಂಟೆಯ ಕೆಲಸ ಅಷ್ಟೆ. ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು ಲೆಕ್ಕ. ಟಯರ್ ಮತ್ತು ಬ್ಯಾಟರಿಗೆ ಸಾಮಾನ್ಯವಾಗಿ ಅದನ್ನು ಮಾಡಿದ ಕಂಪನಿಯದ್ದೇ ಬೇರೆ ವಾರಂಟಿ. ಬ್ರೇಕ್ ಪ್ಯಾಡ್, ವೈಪರ್, ಫಿಲ್ಟರ್‌ನಂತಹ ಸವೆಯುವ ಸಾಮಾನುಗಳು ಹೊರಗೆ. ನಿಗದಿತ ಸರ್ವಿಸ್ ತಪ್ಪಿಸಿದ್ದರೆ ಅದನ್ನೇ ಹಿಡಿದು ವಾದ ಮಾಡುತ್ತಾರೆ. ಆದ್ದರಿಂದ ಸರ್ವಿಸ್ ಬಿಲ್ಲುಗಳೆಲ್ಲ ಒಂದು ಕಡೆ ಇರಲಿ.

ನಮ್ಮ ಕಡೆಯವರು ವಿಶೇಷವಾಗಿ ಎರಡು ವಿಷಯ ಗಮನಿಸಬೇಕು. ಒಂದು, ಇಲಿ. ಅಡಿಕೆ ತೋಟದ ನಡುವೆ ಮನೆ, ಪಕ್ಕದಲ್ಲೇ ಕೊಟ್ಟಿಗೆ ಇದ್ದರೆ ಮಳೆಗಾಲದಲ್ಲಿ ಬಾನೆಟ್ ಒಳಗೆ ಇಲಿಯ ಸಂಸಾರ ಗ್ಯಾರಂಟಿ. ಇಲಿ ಕಡಿದ ವಯರ್‌ಗೆ ವಾರಂಟಿ ಇಲ್ಲ. ಎಲೆಕ್ಟ್ರಿಕಲ್ ದೋಷ ಎಂದ ಕೂಡಲೇ 'ಇಲಿ ಕಡಿದಿರಬೇಕು' ಎಂಬ ಮಾತು ಬರುತ್ತದೆ. ಕಾರು ಕೊಡುವ ಮೊದಲೇ ಬಾನೆಟ್ ತೆಗೆದು ವಯರಿಂಗ್‌ನ ನಾಲ್ಕಾರು ಫೋಟೋ ತೆಗೆದಿಡಿ. ಕಡಿದ ಗುರುತು ಎಲ್ಲಿದೆ, ತೋರಿಸಿ ಎಂದು ಕೇಳಲು ಧೈರ್ಯ ಬರುತ್ತದೆ. ಇನ್ನೊಂದು, ಹೊರಗೆ ಹಾಕಿಸಿದ ಸಾಮಾನು. ಅಗ್ಗಕ್ಕೆ ಸಿಕ್ಕಿತೆಂದು ಪೇಟೆಯ ಅಂಗಡಿಯಲ್ಲಿ ವಯರ್ ಕತ್ತರಿಸಿ ಫಾಗ್ ಲೈಟ್, ಹಾರ್ನ್, ಸ್ಟೀರಿಯೊ ಹಾಕಿಸಿದ್ದರೆ ಎಲೆಕ್ಟ್ರಿಕಲ್ ದೂರಿನಲ್ಲಿ ನಿಮ್ಮ ಕೈ ಸೋಲುತ್ತದೆ. ವಯರ್ ಕತ್ತರಿಸದೆ ಕಪ್ಲರ್‌ಗೆ ಸಿಕ್ಕಿಸುವ ಅಧಿಕೃತ ಆಕ್ಸೆಸರಿ ಆದರೆ ಬಿಲ್ಲು ಇಟ್ಟುಕೊಳ್ಳಿ.

ಹಂತ 2: ದೋಷವನ್ನು ಕೈಗೆ ಸಿಗುವಂತೆ ಮಾಡಿ

ಮತ್ತೆ ಮತ್ತೆ ಬರುವ ದೂರುಗಳಲ್ಲಿ ಜಾಸ್ತಿ ಪಾಲು 'ಬಂದು ಹೋಗುವ' ಜಾತಿಯವು. ವರ್ಕ್‌ಶಾಪ್‌ನವರಿಗೆ ಕಾಣಿಸುವುದಿಲ್ಲ. ಕಾಣದ್ದನ್ನು ಅವರು ರಿಪೇರಿ ಮಾಡುವುದೂ ಇಲ್ಲ. ಅವರ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ; ಬಿಸಿ ಎಂಜಿನ್‌ನಲ್ಲಿ ಇಲ್ಲದ ರೋಗವನ್ನು ಎಲ್ಲಿಂದ ಹುಡುಕುವುದು? ಆದ್ದರಿಂದ ಅರ್ಧ ಡಾಕ್ಟರ್ ಕೆಲಸ ನಾವೇ ಮಾಡಬೇಕಾಗುತ್ತದೆ.

ಒಂದು ಸಣ್ಣ ನೋಟ್‌ಬುಕ್ ಕಾರಿನಲ್ಲೇ ಇಡಿ. ದೋಷ ಬಂದಾಗಲೆಲ್ಲ ಬರೆಯಿರಿ: ದಿನ, ಗಂಟೆ, ಓಡೋಮೀಟರ್ ಓದಿದ್ದು, ಮಳೆಯೋ ಬಿಸಿಲೋ, ಎಂಜಿನ್ ತಣ್ಣಗಿತ್ತೋ ಬಿಸಿಯೋ, ಎಸಿ ಹಾಕಿತ್ತೋ, ಯಾವ ಗೇರ್, ಎಷ್ಟು ವೇಗ, ಏರೋ ಇಳಿಜಾರೋ, ಕೊನೆಗೆ ಎಲ್ಲಿ ಪೆಟ್ರೋಲ್ ಹಾಕಿಸಿದ್ದು. ನನ್ನ ಪುಸ್ತಕದಲ್ಲಿ ಹನ್ನೊಂದು ಸಲ ಬರೆದ ಮೇಲೆ ನನಗೇ ಗೊತ್ತಾಯಿತು: ಹನ್ನೊಂದೂ ಸಲ ಹಿಂದಿನ ರಾತ್ರಿ ಮಳೆ ಬಂದಿತ್ತು, ಹನ್ನೊಂದೂ ಸಲ ಕಾರು ಅಂಗಳದಲ್ಲಿ ಹೊರಗೆ ನಿಂತಿತ್ತು. ನೆಂಟರು ಬಂದಾಗ ಶೆಡ್ ಒಳಗೆ ಇಟ್ಟ ಎರಡು ದಿನ ಏನೂ ಆಗಿರಲಿಲ್ಲ. ಪೆಟ್ರೋಲ್‌ನ ವಾದ ಅಲ್ಲಿಗೇ ಬಿತ್ತು. ಶೆಡ್ ಒಳಗೂ ಹೊರಗೂ ಟ್ಯಾಂಕ್‌ನಲ್ಲಿದ್ದದ್ದು ಅದೇ ಪೆಟ್ರೋಲ್ ತಾನೆ?

ವಿಡಿಯೊ ಮಾಡಿ. ಮೀಟರ್, ದೀಪ, ಓಡೋಮೀಟರ್ ಮೂರೂ ಒಂದೇ ಚೌಕಟ್ಟಿನಲ್ಲಿ ಬರಲಿ, ಎಂಜಿನ್ ಸದ್ದು ಕೇಳಲಿ. ಓಡಿಸುತ್ತಾ ಮಾಡಬೇಡಿ, ಪಕ್ಕದವರ ಕೈಗೆ ಫೋನ್ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ದಿನಾಂಕದ ಗುರುತೂ ಹೋಗುತ್ತದೆ. ಮೂಲ ಫೈಲ್ ಅಳಿಸದೆ ಇಡಿ. ಮುಂದೆ ದೂರು ಗ್ರಾಹಕ ಆಯೋಗದ ತನಕ ಹೋದರೆ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಒಂದು ದೃಢೀಕರಣ ಪತ್ರದ ಜೊತೆ ಅದನ್ನು ಕೊಡಬಹುದು.

ಇನ್ನೊಂದು ಉಪಾಯ. ಕಾರಿನ ಕಂಪ್ಯೂಟರ್ ಗುರುತಿಸಿದ ದೋಷವನ್ನು ಓದಲು ಸ್ಟೀರಿಂಗ್ ಕೆಳಗೆ 16 ಪಿನ್‌ನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ರೀಡರ್ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಹಳದಿ ದೀಪ ಹತ್ತಿದಾಗ ಫೋನ್‌ನಲ್ಲಿ ಕೋಡ್ ಓದಬಹುದು. ನನಗೆ ಪ್ರತಿ ಸಲವೂ ಸಿಕ್ಕಿದ್ದು ಪಿ0301. ಹಾಗೆಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಜೊತೆಗೆ 'ಫ್ರೀಜ್ ಫ್ರೇಮ್' ಎಂಬುದೊಂದು ಇರುತ್ತದೆ: ದೋಷ ಬಂದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ, ಎಷ್ಟು ಸುತ್ತು, ಎಷ್ಟು ವೇಗ ಎಂದು ಕಾರೇ ಬರೆದಿಟ್ಟ ಡೈರಿ. ಸ್ಕ್ರೀನ್‌ಶಾಟ್ ತೆಗೆಯಿರಿ. ಆದರೆ 'ಕ್ಲಿಯರ್' ಬಟನ್ ಒತ್ತಲೇಬೇಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಿಸುವುದೂ ಬೇಡ, ಎಷ್ಟೋ ಕಾರುಗಳಲ್ಲಿ ಕೋಡ್ ಅಳಿಸಿಹೋಗುತ್ತದೆ. ಓದಿದ ಮೇಲೆ ರೀಡರ್ ತೆಗೆದಿಡಿ.

ಹಂತ 3: ಜಾಬ್ ಕಾರ್ಡ್. ಜಗಳವೆಲ್ಲ ಇಲ್ಲೇ ಗೆಲ್ಲಬೇಕು

ಕಾರು ಕೊಡುವಾಗ ನಮ್ಮ ದೂರು ಬರೆದುಕೊಳ್ಳುವ ಕಾಗದವೇ ಜಾಬ್ ಕಾರ್ಡ್. ಅದನ್ನು ಬರೆಯುವ ಸರ್ವಿಸ್ ಅಡ್ವೈಸರ್ ಒಳ್ಳೆಯವರೇ. ನಮ್ಮ ಹತ್ತಿರ ತುಳುವಿನಲ್ಲೋ ಮಲಯಾಳದಲ್ಲೋ ನಗುನಗುತ್ತಾ ಮಾತಾಡುತ್ತಾರೆ. 'ಕುಳಪ್ಪಮಿಲ್ಲ, ಶರಿಯಾಕ್ಕಾಂ' ಎನ್ನುತ್ತಾರೆ. ತೊಂದರೆ ಇಲ್ಲ, ಸರಿ ಮಾಡೋಣ ಅಂತ. ನೀವು ಹತ್ತು ನಿಮಿಷ ವಿವರಿಸಿದ್ದನ್ನೆಲ್ಲ ಕೇಳಿ ಕಂಪ್ಯೂಟರ್‌ನಲ್ಲಿ ಕುಟ್ಟುವುದು ಮಾತ್ರ ಎರಡು ಪದ: 'ಜನರಲ್ ಚೆಕಪ್'. ನನ್ನ ಮೊದಲ ಎರಡು ಜಾಬ್ ಕಾರ್ಡ್‌ನಲ್ಲಿ ಇದ್ದದ್ದು ಅಷ್ಟೇ. ನಾಲ್ಕನೇ ಸಲ ನಾನು ಜೋರು ಮಾಡಿದಾಗ, 'ನಿಮ್ಮ ಕಾರಿಗೆ ಇದು ಎರಡನೇ ದೂರು ಸರ್' ಎಂದರು. ಅವರ ಸ್ಕ್ರೀನ್ ಪ್ರಕಾರ ಅದು ಸತ್ಯವೇ.

ಹಾಗಾಗಿ ಸಹಿ ಹಾಕುವ ಮೊದಲು ಪ್ರಿಂಟ್ ತೆಗೆಸಿ ಓದಿ. ಇಷ್ಟು ಇರಲೇಬೇಕು: ಕಾರು ಒಳಗೆ ಬಂದ ದಿನ ಮತ್ತು ಗಂಟೆ, ಓಡೋಮೀಟರ್, ನಿಮ್ಮ ದೂರು ನಿಮ್ಮದೇ ಮಾತಿನಲ್ಲಿ. ನಾನು ಮನೆಯಿಂದಲೇ ಚೀಟಿಯಲ್ಲಿ ಬರೆದು ಒಯ್ಯುತ್ತಿದ್ದೆ, ಅದನ್ನೇ ಟೈಪ್ ಮಾಡಿಸುತ್ತಿದ್ದೆ. ಅದು ಹೀಗಿತ್ತು:

'ರಾತ್ರಿ ಮಳೆಯಲ್ಲಿ ನಿಂತ ಮೇಲೆ ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ನಡುಗುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ, ಕೋಡ್ ಪಿ0301. ಇದೇ ದೂರಿಗೆ ನಾಲ್ಕನೇ ಭೇಟಿ. ಹಿಂದಿನ ಮೂರು ಜಾಬ್ ಕಾರ್ಡ್ ನಂಬರ್ ಇವು.'

'ಇದೇ ದೂರಿಗೆ ನಾಲ್ಕನೇ ಭೇಟಿ' ಎಂಬುದನ್ನು ಮಾತ್ರ ಬಿಡಲೇಬೇಡಿ. ಟೈಪ್ ಮಾಡಲು ಆಗುವುದಿಲ್ಲ, ಜಾಗ ಇಲ್ಲ ಎಂದರೆ ಪೆನ್ನಿನಲ್ಲಿ ಎರಡೂ ಪ್ರತಿಯ ಮೇಲೆ ಬರೆದು ಸಹಿ ಹಾಕಿ, ಫೋಟೋ ತೆಗೆದು ಅಲ್ಲೇ ನಿಂತು ಅವರ ವಾಟ್ಸಾಪ್‌ಗೆ ಕಳಿಸಿ.

ಭಾಷೆಯ ಬಗ್ಗೆ ಒಂದು ಮಾತು. ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಲು ಕಾಸರಗೋಡಿನ ನಮಗೆ ಕಾನೂನಿನ ಬಲ ಇದೆ. ಶೋರೂಮ್ ಖಾಸಗಿಯವರದ್ದು, ಅಲ್ಲಿ ಆ ಬಲ ನಡೆಯುವುದಿಲ್ಲ. ಚೀಟಿಯನ್ನು ಇಂಗ್ಲಿಷ್‌ನಲ್ಲೇ ಬರೆದುಕೊಂಡು ಹೋಗಿ. ಕಂಪನಿಯ ದೊಡ್ಡ ಆಫೀಸಿನಲ್ಲಿ ಓದುವವರಿಗೆ ಕನ್ನಡವೂ ಬಾರದು, ಮಲಯಾಳವೂ ಬಾರದು. ಮನೆಯ ಮಕ್ಕಳ ಹತ್ತಿರ ಬರೆಸಿದರೂ ಸಾಕು. ವ್ಯಾಕರಣಕ್ಕೆ ಯಾರೂ ಮಾರ್ಕು ಕೊಡುವುದಿಲ್ಲ.

ಕಾರನ್ನು ಹಿಂದಿನ ಸಂಜೆಯೇ ಬಿಟ್ಟುಬರುವುದು ನಾನು ತಡವಾಗಿ ಕಲಿತ ಪಾಠ. ತಣ್ಣಗಿನ ಎಂಜಿನ್‌ನ ದೋಷವನ್ನು ಐವತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ತೋರಿಸಲು ಸಾಧ್ಯವೇ? 'ರಾತ್ರಿ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಸ್ಕ್ಯಾನರ್ ಸಿಕ್ಕಿಸಿಯೇ ಮೊದಲ ಸ್ಟಾರ್ಟ್ ಮಾಡಿ' ಎಂದು ಬರೆಸಿದೆ. ಐದನೇ ಭೇಟಿಯಲ್ಲಿ ಹಾಗೆಯೇ ಮಾಡಿದರು, ಅವತ್ತೇ ಸಿಕ್ಕಿತು. ಶಬ್ದದ ದೂರಾದರೆ ಟೆಕ್ನಿಷಿಯನ್‌ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ಅಡ್ವೈಸರ್ ಬಂದರೆ ಸಾಲದು, ಸ್ಪ್ಯಾನರ್ ಹಿಡಿಯುವವನ ಕಿವಿಗೆ ಬೀಳಬೇಕು. ಮಂಗಳೂರಿನ ನುಣ್ಣಗಿನ ರಸ್ತೆಯಲ್ಲಿ ಸಸ್ಪೆನ್ಷನ್ ಸದ್ದು ಬರುವುದಿಲ್ಲ, ಹೊಂಡ ಇರುವ ರಸ್ತೆಯನ್ನು ಹುಡುಕಿ ಕರೆದುಕೊಂಡು ಹೋಗಿ. ನಮ್ಮಲ್ಲಿ ಅದಕ್ಕೇನು ಬರ ಇಲ್ಲ.

ಕಾರು ವಾಪಸ್ ತೆಗೆದುಕೊಳ್ಳುವಾಗ ಗೇಟ್ ಪಾಸ್ ಮಾತ್ರ ಹಿಡಿದು ಬರಬೇಡಿ. ವಾರಂಟಿ ಕೆಲಸಕ್ಕೂ ಸೊನ್ನೆ ರೂಪಾಯಿಯ ಇನ್‌ವಾಯ್ಸ್ ಕೊಡಲು ಹೇಳಿ. ಅದರಲ್ಲಿ ಏನು ಪರೀಕ್ಷೆ ಮಾಡಿದರು, ಏನು ಕಂಡಿತು, ಯಾವ ಪಾರ್ಟ್ ನಂಬರ್ ಹಾಕಿದರು, ಹೊರಗೆ ಬಂದ ದಿನ ಯಾವುದು ಎಲ್ಲ ಇರಲಿ. ಕೋಡ್ ಅಳಿಸುವ ಮೊದಲು ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳಿ. 'ದೋಷ ಕಂಡುಬಂದಿಲ್ಲ' ಎಂದು ಬರೆದರೆ ಬೇಸರ ಬೇಡ, ಆ ಕಾಗದವೂ ಬೇಕು. 'ಗ್ರಾಹಕರು ಸಂತೃಪ್ತರು' ಎಂಬ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. ನಾನು ಅದರ ಪಕ್ಕದಲ್ಲಿ 'ಓಡಿಸಿ ನೋಡಿದ ಮೇಲೆ ತಿಳಿಸುತ್ತೇನೆ' ಎಂದು ಬರೆದೇ ಸಹಿ ಹಾಕುತ್ತಿದ್ದೆ. ಫೋನ್‌ನಲ್ಲಿ ರೇಟಿಂಗ್ ಕೇಳಿದರೆ 'ಹತ್ತು ಕೊಡಿ ಸರ್, ಇಲ್ಲದಿದ್ದರೆ ನನ್ನ ಇನ್ಸೆಂಟಿವ್ ಹೋಗುತ್ತದೆ' ಎಂದು ಹುಡುಗ ಗೋಗರೆಯುತ್ತಾನೆ. ಪಾಪ ಅನ್ನಿಸುತ್ತದೆ. ಆದರೆ ನಿಮ್ಮ ಹತ್ತು ಅಂಕವೇ ನಾಳೆ ನಿಮ್ಮ ವಿರುದ್ಧದ ಕಾಗದ ಆಗುತ್ತದೆ. ಅವನ ನಡತೆಗೆ ಬೇಕಾದರೆ ಹೊಗಳಿ, ರಿಪೇರಿ ಆಗಿಲ್ಲ ಎಂದೂ ಸೇರಿಸಿ.

ಹಂತ 4: ಮಂಗಳೂರೋ ಕಾಸರಗೋಡೋ?

ಕೊಂಡಲ್ಲಿಗೇ ಹೋಗಬೇಕೆಂದಿಲ್ಲ. ಕಂಪನಿಯ ವಾರಂಟಿ ದೇಶದ ಯಾವ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೂ ನಡೆಯುತ್ತದೆ. ಮಂಜೇಶ್ವರ, ಉಪ್ಪಳದವರಿಗೆ ತಲಪಾಡಿ ದಾಟುವುದು ಸುಲಭ. ಮುಳ್ಳೇರಿಯ, ಬೋವಿಕಾನದವರಿಗೆ ಕಾಸರಗೋಡು ಪೇಟೆ ಹತ್ತಿರ. ಪೆರ್ಲದವರು ಪುತ್ತೂರಿನ ಕಡೆ ನೋಡಿದರೂ ತಪ್ಪಿಲ್ಲ. 'ನಮ್ಮಲ್ಲಿ ಕೊಂಡ ಕಾರಲ್ಲ' ಎಂದು ಯಾರಾದರೂ ಮುಖ ತಿರುಗಿಸಿದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಅಲ್ಲಿಂದಲೇ ಫೋನ್ ಮಾಡಿ.

ಎರಡು ಸಲ ಒಂದೇ ಕಡೆ ಸರಿಯಾಗದಿದ್ದರೆ ಅದೇ ಕಂಪನಿಯ ಇನ್ನೊಂದು ಡೀಲರ್ ಹತ್ತಿರ ತೋರಿಸುವುದು ಒಳ್ಳೆಯದು, ಬೇರೆ ಕಣ್ಣು ಬೇರೆ ನೋಡುತ್ತದೆ. ಆದರೆ ಹಿಂದಿನ ಕಾಗದ ಎಲ್ಲ ಒಯ್ಯಿರಿ, ಇಲ್ಲದಿದ್ದರೆ ಅವರು ಮತ್ತೆ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಲೇ ಶುರು ಮಾಡುತ್ತಾರೆ. ಪರಿಚಯದ ಹೊರಗಿನ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಬೇಡಿ. ಕೇಳಿ, ತೋರಿಸಿ, ಅಭಿಪ್ರಾಯ ಪಡೆಯಿರಿ, ಒಂದು ಸ್ಕ್ರೂ ಕೂಡ ತಿರುಗಿಸಲು ಬಿಡಬೇಡಿ.

ಇದೇ ಹೊತ್ತಿಗೆ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ 17 ಅಕ್ಷರದ ಚಾಸಿ ನಂಬರ್ ಹಾಕಿ ರೀಕಾಲ್ ಏನಾದರೂ ಇದೆಯೇ ನೋಡಿ. ನಿಮ್ಮದು ಒಂಟಿ ಕಾರಿನ ರೋಗವೋ, ಇಡೀ ಬ್ಯಾಚಿನದ್ದೋ ಗೊತ್ತಾಗುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 110ಎ ಪ್ರಕಾರ, ದೋಷವುಳ್ಳ ವಾಹನಗಳನ್ನು ವಾಪಸ್ ಕರೆಸುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು.

ಹಂತ 5: ಮೂರನೇ ಸಲಕ್ಕೆ ಮೇಲಿನವರಿಗೆ ಬರೆಯಿರಿ

ನಮ್ಮ ದೇಶದಲ್ಲಿ 'ಇಷ್ಟು ಸಲ ರಿಪೇರಿ ಆದರೆ ಹೊಸ ಕಾರು' ಎಂಬ ಪ್ರತ್ಯೇಕ ಕಾನೂನು ಇಲ್ಲ. ಅಮೆರಿಕದಲ್ಲಿ ಲೆಮನ್ ಲಾ ಎಂದು ಇದೆ, ಯೂಟ್ಯೂಬ್‌ನಲ್ಲಿ ಅದನ್ನು ನೋಡಿಕೊಂಡು ಶೋರೂಮ್‌ನಲ್ಲಿ ಕೂಗಾಡಿದರೆ ನಗುತ್ತಾರಷ್ಟೆ. ಮೂರು ಎಂಬುದು ನನ್ನದೇ ಲೆಕ್ಕ. ಒಂದು ಸಲ ತಪ್ಪಬಹುದು, ಎರಡನೇ ಸಲವೂ ಇರಲಿ, ಮೂರನೇ ಸಲಕ್ಕೆ ಆ ವರ್ಕ್‌ಶಾಪ್‌ನ ಕೈಮೀರಿದೆ ಎಂದೇ ತಿಳಿಯಿರಿ. ಬ್ರೇಕ್, ಸ್ಟೀರಿಂಗ್, ಓಡುತ್ತಿರುವಾಗಲೇ ಎಂಜಿನ್ ಬಂದ್ ಆಗುವುದು, ಸುಟ್ಟ ವಾಸನೆ: ಇವಕ್ಕೆ ಮೂರರ ತನಕ ಕಾಯಬೇಡಿ. ಮೊದಲ ಸಲವೇ ಬರೆಯಿರಿ, ಕಾರು ಓಡಿಸುವುದನ್ನೂ ನಿಲ್ಲಿಸಿ.

ಬರೆಯುವುದು ಯಾರಿಗೆ? ವರ್ಕ್‌ಶಾಪ್ ಮ್ಯಾನೇಜರ್, ಡೀಲರ್‌ನ ಸರ್ವಿಸ್ ಮುಖ್ಯಸ್ಥರು, ಕಂಪನಿಯ ಕಸ್ಟಮರ್ ಕೇರ್. ಮೂವರಿಗೂ ಒಂದೇ ಇಮೇಲ್. ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ದೂರಿನ ನಂಬರ್ ಪಡೆದು, ಅದನ್ನು ಇಮೇಲ್‌ನ ವಿಷಯದ ಸಾಲಿನಲ್ಲಿ ಹಾಕಿ. ಫೋನ್‌ನಲ್ಲಿ ಅವರು ಕೊಟ್ಟ ಭರವಸೆ ಗಾಳಿಗೆ ಹೋಗುತ್ತದೆ. ಫೋನ್ ಇಟ್ಟ ಕೂಡಲೇ 'ನೀವು ಈಗ ಹೀಗೆ ಹೇಳಿದಿರಿ' ಎಂದು ಎರಡು ಸಾಲು ಮೇಲ್ ಮಾಡಿದರೆ ಅದೇ ದಾಖಲೆ.

ಇಮೇಲ್ ಉದ್ದ ಬೇಡ. ನಾನು ಕಳಿಸಿದ್ದರ ಸಾರ ಇದು:

'ಈ ಚಾಸಿ ನಂಬರ್‌ನ ಕಾರನ್ನು 2024ರ ಫೆಬ್ರವರಿಯಲ್ಲಿ ಕೊಂಡಿದ್ದೇನೆ. ಒಂದೇ ದೋಷಕ್ಕೆ ನಾಲ್ಕು ಸಲ ನಿಮ್ಮ ಅಧಿಕೃತ ವರ್ಕ್‌ಶಾಪ್‌ಗೆ ಕೊಟ್ಟಿದ್ದೇನೆ. ದಿನಾಂಕ, ಓಡೋಮೀಟರ್, ಮಾಡಿದ ಕೆಲಸ ಕೆಳಗಿನ ಪಟ್ಟಿಯಲ್ಲಿದೆ. ಒಟ್ಟು ಹದಿನಾಲ್ಕು ದಿನ ಕಾರು ನಿಮ್ಮಲ್ಲಿ ಇತ್ತು. ದೋಷ ಹಾಗೆಯೇ ಇದೆ, ವಿಡಿಯೊ ಲಗತ್ತಿಸಿದ್ದೇನೆ. ಕಂಪನಿಯ ಏರಿಯಾ ಸರ್ವಿಸ್ ಎಂಜಿನಿಯರ್ ಖುದ್ದಾಗಿ ನೋಡಬೇಕು. ದೋಷದ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಹದಿನೈದು ದಿನದೊಳಗೆ ಉತ್ತರ ಕೊಡಿ.'

ಬೈಗುಳ ಇಲ್ಲ, ಕಣ್ಣೀರೂ ಇಲ್ಲ. ಅಪ್ಪನ ಡಯಾಲಿಸಿಸ್‌ಗೆ ತೊಂದರೆಯಾಯಿತು, ತಂಗಿಯ ಮದುವೆ ಓಡಾಟ ನಿಂತಿತು ಎಂಬುದೆಲ್ಲ ಇದ್ದರೆ ಕೊನೆಗೆ ಒಂದೇ ಸಾಲಿನಲ್ಲಿ ಹೇಳಿ. ಅಲ್ಲಿ ಓದುವ ಎಂಜಿನಿಯರ್‌ಗೆ ಬೇಕಾದ್ದು ಪಟ್ಟಿ. ನನ್ನ ಪಟ್ಟಿಯಲ್ಲಿ 'ಕಾಯಿಲ್ ಬದಲಾದ ಮೇಲೂ ಅದೇ ಸಿಲಿಂಡರ್‌ನ ಕೋಡ್' ಎಂಬ ಸಾಲು ನೋಡಿಯೇ ಅವರು ವಯರಿಂಗ್ ಕಡೆ ಯೋಚಿಸಿದ್ದಂತೆ. ಅವರೇ ಆಮೇಲೆ ಹೇಳಿದರು.

ಹಂತ 6: ಏನು ಕೇಳಬಹುದು, ಏನು ಕೇಳಿದರೆ ಸಿಗುತ್ತದೆ

ಎಲ್ಲರ ಬಾಯಲ್ಲೂ ಮೊದಲು ಬರುವುದು 'ಹೊಸ ಕಾರು ಕೊಡಿ'. ಸಿಟ್ಟು ಅರ್ಥವಾಗುತ್ತದೆ. ಆದರೆ ಕ್ಲಚ್ ದೋಷದ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ವಾರಂಟಿಯ ಷರತ್ತು ದೋಷವಿರುವ ಭಾಗವನ್ನು ರಿಪೇರಿ ಮಾಡಲು ಅಥವಾ ಬದಲಿಸಲು ಮಾತ್ರ, ಇಡೀ ಕಾರು ಬದಲಿಸಲು ಅಲ್ಲ ಎಂದು. ಕಂಪನಿಯ ವಕೀಲರು ಪ್ರತಿ ಕೇಸಿನಲ್ಲೂ ಇದನ್ನೇ ಎತ್ತುತ್ತಾರೆ. ತಯಾರಿಕೆಯಲ್ಲೇ ದೋಷ ಇತ್ತು, ಅದು ರಿಪೇರಿಗೆ ಬಗ್ಗುತ್ತಿಲ್ಲ ಎಂದು ತಜ್ಞರ ವರದಿಯ ಮೂಲಕ ತೋರಿಸಿದರೆ ಕಾರು ಬದಲಿಸುವ ಅಥವಾ ಹಣ ಹಿಂದಿರುಗಿಸುವ ಆದೇಶಗಳೂ ಬಂದಿವೆ. ದಾರಿ ಇದೆ, ಆದರೆ ಉದ್ದ.

ನಾನಾದರೆ ಮೊದಲು ಸಿಗುವಂಥದ್ದನ್ನು ಕೇಳುತ್ತೇನೆ. ಏರಿಯಾ ಎಂಜಿನಿಯರ್ ಪರೀಕ್ಷೆ. ಚಿಕ್ಕ ಪಾರ್ಟ್ ಬದಲು ಇಡೀ ಅಸೆಂಬ್ಲಿ ಬದಲಾವಣೆ. ಕಾರು ಒಳಗಿರುವ ದಿನಗಳಿಗೆ ಬದಲಿ ಕಾರು ಅಥವಾ ಟ್ಯಾಕ್ಸಿ ಖರ್ಚು. ವಾರಂಟಿ ಪುಸ್ತಕದಲ್ಲಿ ಬರೆದಿಲ್ಲದಿದ್ದರೆ ಇದನ್ನು ಹಕ್ಕಿನಿಂದ ಕೇಳಲಾಗದು, ಕೇಳಿದರೆ ಕೊಡುವವರಿದ್ದಾರೆ. ಆ ದೋಷದ ಮಟ್ಟಿಗೆ ಹೆಚ್ಚುವರಿ ವಾರಂಟಿ, ಬರಹದಲ್ಲಿ. ನನಗೆ ಸಿಕ್ಕಿದ್ದು ಕೊನೆಯದು ಮತ್ತು ಒಂದು ಉಚಿತ ಸರ್ವಿಸ್. ಬದಲಿಸಿದ ಪಾರ್ಟ್‌ಗೆ ಹೊಸದಾಗಿ ಮೂರು ವರ್ಷ ಸಿಗುತ್ತದೆ ಎಂದು ತಿಳಿಯಬೇಡಿ, ಸಾಮಾನ್ಯವಾಗಿ ಮೂಲ ವಾರಂಟಿಯ ಉಳಿದ ಅವಧಿ ಅಷ್ಟೇ. ಅದಕ್ಕೇ ಬರಹದಲ್ಲಿ ಬೇಕು.

ಹಂತ 7: 1915, ಆಮೇಲೆ ನೋಟಿಸ್

ಹದಿನೈದು ದಿನಕ್ಕೆ ಉತ್ತರ ಇಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಸ್ಥಳೀಯ ಡೀಲರ್ ಮೇಜಿನಲ್ಲಿ ಸತ್ತು ಬಿದ್ದಿದ್ದ ಫೈಲು ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ದುಡ್ಡು ಖರ್ಚಿಲ್ಲ.

ಅದೂ ಆಗದಿದ್ದರೆ ವಕೀಲರ ಮೂಲಕ ಅಥವಾ ನೀವೇ ನೋಟಿಸ್ ಕಳಿಸಿ, ಕಂಪನಿಗೂ ಡೀಲರ್‌ಗೂ. ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ನೋಟಿಸ್ ಕೊಟ್ಟ ಮೇಲೆ ರಿಪೇರಿಗೆ ಕರೆದರೆ ಹೋಗಿ. 'ಕರೆದೆವು, ಬರಲಿಲ್ಲ' ಎಂಬ ವಾದಕ್ಕೆ ಜಾಗ ಕೊಡಬಾರದು.

ಹಂತ 8: ಕಾಸರಗೋಡಿನಲ್ಲೇ ದೂರು ಕೊಡಬಹುದು

ಗಡಿಯಲ್ಲಿ ಇರುವ ನಮಗೆ ಇದು ದೊಡ್ಡ ಅನುಕೂಲ, ತುಂಬ ಜನರಿಗೆ ಗೊತ್ತೇ ಇಲ್ಲ. ಹಳೆಯ 1986ರ ಕಾಯ್ದೆಯಲ್ಲಿ ಎದುರು ಪಕ್ಷದ ಊರೋ, ವ್ಯವಹಾರ ನಡೆದ ಊರೋ ನೋಡಬೇಕಿತ್ತು. ಮಂಗಳೂರಿನಲ್ಲಿ ಕೊಂಡರೆ ಮಂಗಳೂರಿಗೇ ಓಡಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 34ರ ಪ್ರಕಾರ, ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಮಂಗಳೂರಿನದ್ದು, ಕಂಪನಿ ದೆಹಲಿಯದ್ದೋ ಚೆನ್ನೈಯದ್ದೋ ಇರಲಿ, ನೀವು ಕುಂಬಳೆಯವರಾದರೆ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗ ಸಾಕು.

ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ. ಶುಲ್ಕ ಕೇಳಿದರೆ ಆಶ್ಚರ್ಯಪಡುತ್ತೀರಿ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000 ರೂಪಾಯಿ. ವಕೀಲರು ಬೇಕೇಬೇಕೆಂದಿಲ್ಲ, ನೀವೇ ವಾದಿಸಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕಾರಿನ ಕೇಸಿಗೆ ಮಾತ್ರ ನಾನು ವಕೀಲರ ಸಹಾಯ ಪಡೆಯಿರಿ ಎನ್ನುತ್ತೇನೆ. ಎದುರಿಗೆ ಕಂಪನಿಯ ವಕೀಲರು ಇಂಥ ನೂರು ಕೇಸು ನೋಡಿರುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು. ಅದರ ಸಹಾಯವಾಣಿ 15100.

ದೂರಿನಲ್ಲಿ ಕಂಪನಿ, ಮಾರಿದ ಡೀಲರ್, ರಿಪೇರಿ ಮಾಡಿದ ಡೀಲರ್, ಮೂವರನ್ನೂ ಎದುರು ಪಕ್ಷ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ಬೆರಳು ತೋರಿಸುವುದು ಅವರ ಕಡೆಗೇ. ಎಲ್ಲಕ್ಕಿಂತ ಮುಖ್ಯ, ಕಾರನ್ನು ತಜ್ಞರಿಂದ ಪರೀಕ್ಷಿಸಲು ಅರ್ಜಿ ಹಾಕಿ. ಪರೀಕ್ಷೆ ಇಲ್ಲದೆ ಗೊತ್ತಾಗದ ದೋಷವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸಿ, 45 ದಿನದಲ್ಲಿ ವರದಿ ಪಡೆಯಲು ಸೆಕ್ಷನ್ 38ರಲ್ಲಿ ಅವಕಾಶ ಇದೆ. ಮೋಟಾರು ವಾಹನ ಇನ್ಸ್‌ಪೆಕ್ಟರ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನು ತಜ್ಞರಾಗಿ ನೇಮಿಸಲು ಕೇಳಬಹುದು. ಈ ವರದಿ ಇಲ್ಲದೆ ಬಿದ್ದುಹೋದ ಕಾರು ಕೇಸುಗಳು ಜಾಸ್ತಿ. ಪರೀಕ್ಷೆಯ ಶುಲ್ಕ ನೀವು ಮೊದಲು ಕಟ್ಟಬೇಕಾಗುತ್ತದೆ.

ಕಾನೂನಿನ ಪುಸ್ತಕದಲ್ಲಿ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಬೇಕು ಎಂದಿದೆ. ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಜಾಸ್ತಿ ಎಂದರೆ ಇನ್ನು 15. ನಿಜದಲ್ಲಿ ವರ್ಷಗಳ ಲೆಕ್ಕ ಇಟ್ಟುಕೊಂಡೇ ಹೊರಡಿ. ದೂರು ಕೊಡಲು ಎರಡು ವರ್ಷದ ಗಡುವು ಇದೆ. 'ಇನ್ನೊಂದು ಸಲ ನೋಡೋಣ ಸರ್' ಎನ್ನುತ್ತಾ ಆ ಎರಡು ವರ್ಷವನ್ನು ತಿನ್ನಲು ಬಿಡಬೇಡಿ. ಟ್ಯಾಕ್ಸಿ ಓಡಿಸುವವರಿಗೊಂದು ಮಾತು: ಸ್ವಂತ ದುಡಿಮೆಗಾಗಿ, ಹೊಟ್ಟೆಪಾಡಿಗೆಂದು ಕೊಂಡ ಕಾರಾದರೆ ನೀವೂ ಗ್ರಾಹಕರೇ. ಹತ್ತು ಕಾರಿನ ಟ್ರಾವೆಲ್ಸ್ ನಡೆಸುವವರಿಗೆ ಈ ಬಾಗಿಲು ಕಷ್ಟ.

ಈ ನಡುವೆ ಮಾಡಬಾರದ್ದು

ಸಿಟ್ಟಿನಲ್ಲಿ ಇಎಂಐ ನಿಲ್ಲಿಸಬೇಡಿ. ಬ್ಯಾಂಕಿಗೂ ಕಾರಿನ ರೋಗಕ್ಕೂ ಸಂಬಂಧ ಇಲ್ಲ, ನಿಮ್ಮ ಕ್ರೆಡಿಟ್ ಸ್ಕೋರ್ ಮಾತ್ರ ಹಾಳು. ಕಾರನ್ನು ವರ್ಕ್‌ಶಾಪ್‌ನಲ್ಲಿ ಸುಮ್ನೆ ಬಿಟ್ಟು ಬರಬೇಡಿ; ಬಿಟ್ಟರೆ ಯಾಕೆ ಬಿಟ್ಟಿದ್ದೇನೆ ಎಂದು ಅದೇ ದಿನ ಬರೆದು ಕಳಿಸಿ, ಇಲ್ಲದಿದ್ದರೆ ಪಾರ್ಕಿಂಗ್ ಬಾಡಿಗೆ ಕೇಳುತ್ತಾರೆ. ಕೇಸು ನಡೆಯುವಾಗ ಕಾರು ಮಾರಿದರೆ ಪರೀಕ್ಷಿಸಲು ಕಾರೇ ಇರುವುದಿಲ್ಲ. ಮಿಸ್‌ಫೈರ್ ಆಗುವ ಕಾರನ್ನು 'ಆದದ್ದಾಗಲಿ' ಎಂದು ಓಡಿಸಬೇಡಿ, ಸುಡದ ಪೆಟ್ರೋಲ್ ಹೋಗಿ, ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದು ದುಬಾರಿ ಸಾಮಾನು. ದೀಪ ಮಿನುಗುತ್ತಿದ್ದರಂತೂ ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಯಿರಿ. ಇನ್ನು ಫೇಸ್‌ಬುಕ್. ನಡೆದದ್ದನ್ನು ನಡೆದಂತೆ ಬರೆಯುವುದು ಬೇರೆ, 'ಕಳ್ಳರು' ಎಂದು ಬರೆಯುವುದು ಬೇರೆ. ಎರಡನೆಯದಕ್ಕೆ ಅವರ ಕಡೆಯಿಂದ ನೋಟಿಸ್ ಬಂದೀತು.

ಹಂತ 9: ಸರಿಯಾಯಿತು ಎಂದ ಮೇಲೆ

ಸರಿಯಾಯಿತು ಎಂದು ಅವರು ಹೇಳಿದರೆ ಸಾಲದು, ಅದೇ ಪರಿಸ್ಥಿತಿಯಲ್ಲಿ ನೋಡಬೇಕು. ನನ್ನ ಕಾರು ಸೆಪ್ಟೆಂಬರ್‌ನಲ್ಲಿ ವಾಪಸ್ ಬಂತು. ಶೆಡ್ ಖಾಲಿ ಇದ್ದರೂ ಹದಿನೈದು ರಾತ್ರಿ ಬೇಕೆಂದೇ ಅಂಗಳದಲ್ಲಿ ನಿಲ್ಲಿಸಿದೆ. ಮನೆಯವರು ನನಗೆ ಮರುಳು ಎಂದರು. ತುಲಾ ತಿಂಗಳ, ಅಂದರೆ ಅಕ್ಟೋಬರ್ ಹೊತ್ತಿನ ಮಳೆ ಗುಡುಗು ಸಮೇತ ಹೊಡೆದ ಮರುದಿನವೂ ಬೆಳಿಗ್ಗೆ ಎಂಜಿನ್ ಅಲುಗಲಿಲ್ಲ. ಆಮೇಲೆಯೇ 'ದೋಷ ಪರಿಹಾರವಾಗಿದೆ, ಮತ್ತೆ ಬಂದರೆ ಇದೇ ದೂರಿನ ಮುಂದುವರಿಕೆ' ಎಂದು ಮೇಲ್ ಮಾಡಿದೆ.

ವಾರಂಟಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಎಕ್ಸ್‌ಟೆಂಡೆಡ್ ವಾರಂಟಿ ಬೇಕಾದರೆ ಅದಕ್ಕೆ ಮೊದಲೇ ತೆಗೆದುಕೊಳ್ಳಬೇಕು. ಮುಗಿಯುವ ತಿಂಗಳ ಮೊದಲು ಕಾರನ್ನು ಪೂರ್ತಿ ಪರೀಕ್ಷೆ ಮಾಡಿಸಿ, ಸಣ್ಣಪುಟ್ಟ ಶಬ್ದ, ಸೋರಿಕೆ ಎಲ್ಲ ಜಾಬ್ ಕಾರ್ಡ್‌ನಲ್ಲಿ ಬರೆಸಿ. ನನ್ನದು ಮೂರು ವರ್ಷದ ವಾರಂಟಿ, 2027ರ ಫೆಬ್ರವರಿಯಲ್ಲಿ ಮುಗಿಯುತ್ತದೆ. ಆಗ ನಮ್ಮಲ್ಲಿ ಮಳೆಯ ಹನಿಯೂ ಇರುವುದಿಲ್ಲ, ಮಳೆಗೆ ಬರುವ ರೋಗ ಫೆಬ್ರವರಿಯಲ್ಲಿ ಹೇಗೆ ಕಾಣುತ್ತದೆ? ಹಾಗಾಗಿ ನನ್ನ ಗುರುತು 2026ರ ಅಕ್ಟೋಬರ್‌ನಲ್ಲಿದೆ.